ಪ್ರಾರ್ಥನೆಯ ಮೂರನೆಯ ನುಡಿ

ನಮ್ಮ ಕಡೆ ಯಾವ ಸರ್ಕಾರಿ ಸಮಾರಂಭವೂ ಪ್ರಾರ್ಥನೆಯಿಲ್ಲದೆ ಶುರುವಾಗುವುದಿಲ್ಲ. ಶಾಲೆಯ ಹೊಸ ಕೊಠಡಿಯಿರಲಿ, ಕುಡಿಯುವ ನೀರಿನ ಘಟಕವಿರಲಿ, ನಿವೃತ್ತರ ಬೀಳ್ಕೊಡುಗೆಯಿರಲಿ, ಯಾರಾದರೊಬ್ಬರು ಮೈಕಿನ ಮುಂದೆ ನಿಂತು ದೇವರನ್ನು ಕರೆಯಲೇಬೇಕು. ಎಷ್ಟೋ ವರ್ಷ ಆ ಯಾರಾದರೊಬ್ಬರು ನಾನಾಗಿದ್ದೆ. ಮದ್ದೂರಿನ ಹತ್ತಿರದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವುದು ನನ್ನ ಕೆಲಸ. ಮನೆ ಮಂಡ್ಯದ ಗುತ್ತಲಿನಲ್ಲಿ. ಕೆಲಸಕ್ಕೆ ಸೇರಿದ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಬೇಕಾಗಿದ್ದ ಹುಡುಗಿಗೆ ಗಂಟಲು ಕಟ್ಟಿಕೊಂಡಿತೆಂದು ನಾನೇ ಎದ್ದು ಹಾಡಿಬಿಟ್ಟೆ. ಅದೊಂದು ತಪ್ಪಿಗೆ ಇಡೀ ತಾಲ್ಲೂಕು ನನ್ನನ್ನು 'ಪ್ರಾರ್ಥನೆ ಮೇಡಂ' ಎಂದು ಕರೆಯತೊಡಗಿತು.

ಹಾಡುತ್ತಿದ್ದುದು ಯಾವಾಗಲೂ ಒಂದೇ ಹಾಡು, ಅಪ್ಪ ಕಟ್ಟಿದ್ದು. ಮಳವಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ಅಪ್ಪ ತಮ್ಮ ಶಾಲೆಯ ಮಕ್ಕಳಿಗಾಗಿ ಗಣಪತಿಯ ಮೇಲೆ ಮೂರು ನುಡಿಯ ಹಾಡು ಬರೆದಿದ್ದರು. ಮೊದಲ ನುಡಿಯಲ್ಲಿ ಗಣಪನ ಹೊಟ್ಟೆ, ಕಿವಿ, ಇಲಿಯ ವರ್ಣನೆ. ಎರಡನೆಯದರಲ್ಲಿ ವಿಘ್ನ ಕಳೆ, ವಿದ್ಯೆ ಕೊಡು ಎಂಬ ಕೋರಿಕೆ. ಮೂರನೆಯದರಲ್ಲಿ ಏನೂ ಬೇಡುವುದಿಲ್ಲ. ಸುಮ್ಮನೆ ನಿನ್ನ ಮುಖ ನೋಡಿಕೊಂಡು ಹೋಗೋಣವೆಂದು ಬಂದೆ, ಇನ್ನೇನೂ ಕೆಲಸವಿಲ್ಲ ಎಂದು ಹೇಳಿ ಮುಗಿಯುತ್ತದೆ. ಅಪ್ಪ ಅದನ್ನೇ ಎಲ್ಲಕ್ಕಿಂತ ಚೆನ್ನಾಗಿ ಹಾಡುತ್ತಿದ್ದರು. ನಾನು ಯಾವ ವೇದಿಕೆಯ ಮೇಲೂ ಮೂರನೆಯ ನುಡಿಯವರೆಗೆ ತಲುಪಿರಲಿಲ್ಲ.

ಕಾರಣ ಇಷ್ಟೇ, ನನಗೆ ದೊಡ್ಡವರನ್ನು ಕಂಡರೆ ಭಯ. ಈ ಭಯವೂ ಹಾಡಿನ ಹಾಗೆ ಅಪ್ಪನಿಂದಲೇ ಬಂದದ್ದಿರಬೇಕು. ಮೇಲಧಿಕಾರಿಯ ಜೀಪಿನ ಸದ್ದು ಬೀದಿಯಲ್ಲಿ ಕೇಳಿಸಿದರೆ ಅಪ್ಪ ಊಟದ ಮಧ್ಯೆಯೇ ಕೈ ತೊಳೆದು, ಅಂಗಿ ತೊಟ್ಟು, ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಆ ಜೀಪು ನಮ್ಮ ಮನೆಯ ಮುಂದೆ ಒಮ್ಮೆಯೂ ನಿಲ್ಲಲಿಲ್ಲ. ಎಷ್ಟೋ ಸಲ ಅದು ಹಾಲಿನ ಡೇರಿಯದೋ ಯಾರೋ ಗುತ್ತಿಗೆದಾರನದೋ ಆಗಿರುತ್ತಿತ್ತು. ಆದರೂ ಅಪ್ಪನ ಮುದ್ದೆ ತಣ್ಣಗಾಗುತ್ತಿದ್ದುದು ನಿಜ. ನನ್ನದು ಇನ್ನೂ ಒಂದು ಕೈ ಮೇಲು. ಕಚೇರಿಯಿಂದ ಫೋನ್ ಬಂದರೆ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು ಮಾತಾಡುತ್ತೇನೆ. ಹೀಗೆ ಮಾಡಿ ಮದ್ದೂರಿನ ಬಸ್ಸಿನಲ್ಲಿ ಎಷ್ಟೋ ಸಲ ಸೀಟು ಕಳೆದುಕೊಂಡಿದ್ದೇನೆ. ಮಾತು ಮುಗಿಸಿ ಕೂರಲು ಹೋದರೆ ಅಲ್ಲಿ ಇನ್ನೊಬ್ಬರು ಬುಟ್ಟಿ ಸಮೇತ ಕುಳಿತಿರುತ್ತಿದ್ದರು.

ವೇದಿಕೆಯ ಮೇಲಂತೂ ನನ್ನ ಪಾಡು ಯಾರಿಗೂ ಬೇಡ. ಮಂಡ್ಯದಲ್ಲಿ ಒಮ್ಮೆ ಜಿಲ್ಲೆಯ ದೊಡ್ಡ ಅಧಿಕಾರಿಗಳೆಲ್ಲ ಸಾಲಾಗಿ ಕುಳಿತಿದ್ದ ಸಭೆಯಲ್ಲಿ ಮೊದಲ ನುಡಿ ಹಾಡಿದೆ. ಎರಡನೆಯದು ನೆನಪಿಗೆ ಬರಲಿಲ್ಲ. ಮತ್ತೆ ಮೊದಲನೆಯದನ್ನೇ ಹಾಡಿದೆ. ಆಗಲಾದರೂ ಬರುತ್ತದೇನೋ ಎಂದು ಕಾದು, ಬರದೆ, ಮೂರನೆಯ ಸಲವೂ ಗಣಪನ ಹೊಟ್ಟೆಯನ್ನೇ ವರ್ಣಿಸಿ ಇಳಿದು ಬಂದೆ. ಮುಖವೆಲ್ಲ ಬೆವರು. ನಮ್ಮ ಹೆಡ್‌ಮೇಷ್ಟ್ರು ಹತ್ತಿರ ಬಂದು, ಮೂರು ನುಡಿಯನ್ನೂ ಒಂದೇ ಧಾಟಿಯಲ್ಲಿ ಬಹಳ ಚೆನ್ನಾಗಿ ನಿಭಾಯಿಸಿದಿರಿ ಎಂದು ಹೊಗಳಿದರು. ಅವರು ಕೇಳಿಸಿಕೊಂಡಿರಲೇ ಇಲ್ಲ. ಯಾರೂ ಕೇಳಿಸಿಕೊಂಡಿರಲಿಲ್ಲ. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಇನ್ನೊಮ್ಮೆ ಮದ್ದೂರಿನಲ್ಲಿ, ನಿರೂಪಕರು ವೇದಿಕೆಯ ಹದಿನಾಲ್ಕು ಮಂದಿಯನ್ನೂ 'ಸನ್ಮಾನ್ಯ, ಸನ್ಮಾನ್ಯ' ಎಂದು ಸ್ವಾಗತಿಸಿ ಮುಗಿಸಿದ ಕೂಡಲೇ ನನ್ನ ಸರದಿ ಬಂತು. ಬಾಯಿ ತೆರೆದರೆ ಹೊರಬಂದದ್ದು "ಸನ್ಮಾನ್ಯ ವಿಘ್ನೇಶ್ವರ." ಮುಂದಿನ ಸಾಲಿನಲ್ಲಿದ್ದ ಹೈಸ್ಕೂಲು ಹುಡುಗಿಯರು ಬಾಯಿಗೆ ವೇಲು ಒತ್ತಿಕೊಂಡರು. ವೇದಿಕೆಯ ಮೇಲೆ ಒಬ್ಬರು ಮಾತ್ರ, ತಮ್ಮ ಹೆಸರು ಬಿಟ್ಟುಹೋಗಿದೆಯೇನೋ ಎಂಬಂತೆ ಪಕ್ಕದವರನ್ನು ಏನೋ ಕೇಳಿದರು.

ಹೀಗಿರುವಾಗ ನನಗೆ ಮಿಲ್ಲಿನಮ್ಮ ಸಿಕ್ಕಿದರು.

ಗುತ್ತಲಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಹಿಟ್ಟಿನ ಮಿಲ್ಲಿದೆ. ಅದರ ಒಡತಿಗೆ ಎಪ್ಪತ್ತು ದಾಟಿದೆ. ಹೊಳಲಿನಿಂದ ಮದುವೆಯಾಗಿ ಬಂದವರು, ಗಂಡ ತೀರಿಕೊಂಡ ಮೇಲೆ ತಾವೇ ಮಿಲ್ಲು ನಡೆಸುತ್ತಿರುವವರು. ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಅದರಲ್ಲಿ ವಯಸ್ಸೆಷ್ಟು, ಹಿಟ್ಟೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮಿಲ್ಲಿನ ಗೋಡೆಯ ಮೇಲೆ ಹುಲಿಯ ಮೇಲೆ ಕೂತ ಮಾದಪ್ಪನ ದೊಡ್ಡ ಪಟವಿದೆ. ಅದಕ್ಕೂ ಹಿಟ್ಟು ಮೆತ್ತಿಕೊಂಡು ಹುಲಿ ಹಸುವಿನ ಹಾಗೆ ಕಾಣುತ್ತದೆ. ಮಿಲ್ಲು ಓಡುತ್ತಿರುವಷ್ಟು ಹೊತ್ತೂ ಅವರ ತುಟಿ ಅಲುಗುತ್ತಿರುತ್ತದೆ. ಬಹಳ ದಿನ ನಾನು ಅವರು ಗಿರಾಕಿಗಳನ್ನು ಬೈದುಕೊಳ್ಳುತ್ತಿದ್ದಾರೆ ಎಂದೇ ತಿಳಿದಿದ್ದೆ. ಅವರು ಹಾಡುತ್ತಿದ್ದರು.

ಒಂದು ಸಂಜೆ ನಾನು ರಾಗಿ ಡಬ್ಬ ಇಟ್ಟು ಕಾಯುತ್ತಿದ್ದಾಗ ಒಂದು ಜೀಪು ಬಂತು. ಡ್ರೈವರ್ ಇಳಿದು ತನ್ನ ಡಬ್ಬವನ್ನು ಸಾಲಿನ ಎಲ್ಲ ಡಬ್ಬಗಳ ಮುಂದೆ ತಂದಿಟ್ಟ. ನಾನು ಆಗಲೇ ನನ್ನ ಡಬ್ಬವನ್ನು ಹಿಂದಕ್ಕೆ ಎಳೆದುಕೊಂಡು ಜಾಗ ಮಾಡಿಕೊಟ್ಟಿದ್ದೆ. ಮಿಲ್ಲಿನಮ್ಮ ಯಂತ್ರ ನಿಲ್ಲಿಸಿದರು.

"ಡಬ್ಬವ ಸಾಲ್ಗೆ ಇಕ್ಕಪ್ಪ."

"ಸಾಹೇಬ್ರ ಮನೇದು ಕಣಮ್ಮ."

"ರಾಗಿಗೆ ಗೊತ್ತಾದದಾ ಯಾರ್ ಮನೇದು ಅಂತವ? ಇಕ್ಕು."

ದನಿ ಏರಿಸಲಿಲ್ಲ, ಮುಖ ಗಂಟು ಹಾಕಲಿಲ್ಲ. ಅವನು ಡಬ್ಬ ಹಿಂದಕ್ಕಿಟ್ಟ. ಅವರು ಮತ್ತೆ ಯಂತ್ರ ಹಾಕಿ ತುಟಿ ಅಲುಗಿಸತೊಡಗಿದರು. ನನ್ನ ಸರದಿ ಬಂದಾಗ, ಹಾಗೆ ಹೇಳಲು ಭಯವಾಗಲಿಲ್ಲವೇ ಎಂದು ಕೇಳಿದೆ.

"ಬಯ ಯಾಕಾಗಕಿಲ್ಲವ್ವ, ಆಯ್ತದೆ," ಎಂದರು. "ಆದ್ರೆ ಮಾದಪ್ಪ ಎದ್ರುಗೇ ಕುಂತವ್ನೆ. ಅವ್ನ್ ಮುಂದೆ ಇನ್ನೊಬ್ರಿಗೆ ಸಲಾಮ್ ಒಡುದ್ರೆ ಅವ್ನ್ಗೆ ಬೇಜಾರಾಗಕಿಲ್ವಾ?"

ಮಾದಪ್ಪನಿಗೆ ಹೀಗೆ ಹೊಟ್ಟೆಕಿಚ್ಚಾಗಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ನನಗೆ ನಗು ಬಂತು. ನಗುತ್ತ ನಗುತ್ತಲೇ, ಯಾರಿಗೂ ಹೇಳದಿದ್ದ ನನ್ನ ವೇದಿಕೆಯ ಕಥೆಗಳನ್ನೆಲ್ಲ ಆ ಮುದುಕಿಗೆ ಹೇಳಿಬಿಟ್ಟೆ. ಸನ್ಮಾನ್ಯ ವಿಘ್ನೇಶ್ವರನ ಕಥೆ ಕೇಳಿ ಅವರು ಹಿಟ್ಟಿನ ಮೂಟೆಯ ಮೇಲೆ ಕೂತು ನಕ್ಕರು. ಆಮೇಲೆ ಕೇಳಿದರು, ಅಲ್ಲಿ ನಿಂತುಕೊಂಡು ನೀನು ಪದ ಹೇಳುವುದು ಯಾರಿಗೆ ಎಂದು. ದೇವರಿಗೆ ಎಂದೆ. ದೇವರು ಅಲ್ಲಿ ಎಲ್ಲಿರುತ್ತಾನೆ ಎಂದರು. ಪಕ್ಕದಲ್ಲೆಲ್ಲೋ ಮೇಜಿನ ಮೇಲೆ ಒಂದು ಪಟ ಇಟ್ಟಿರುತ್ತಾರೆ ಎಂದೆ.

"ನೋಡಿದ್ದೀಯಾ?"

ಯೋಚಿಸಿದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಮೊದಲ ಸಾಲಿನ ಕುರ್ಚಿಗಳಲ್ಲಿ ಯಾರು ಕಾಲ ಮೇಲೆ ಕಾಲು ಹಾಕಿದ್ದಾರೆ, ಯಾರು ಆಕಳಿಸಿದರು, ಯಾರು ಗಡಿಯಾರ ನೋಡಿಕೊಂಡರು, ಇದೆಲ್ಲ ನೆನಪಿತ್ತು. ಗಣಪತಿಯ ಪಟ ಯಾವ ಬಣ್ಣದ್ದು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮಿಲ್ಲಿನಮ್ಮ ಎದ್ದು ಯಂತ್ರ ಹಾಕಿದರು. ಆ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು: "ಈಗ ಪದ ಏಳು. ನಂಗೂ ಕೇಳ್ಸಕಿಲ್ಲ, ನಿಂಗೂ ಕೇಳ್ಸಕಿಲ್ಲ. ಕೇಳ್ಸೋದು ಅವ್ನೊಬ್ನಿಗೇಯಾ."

ಡಬ್ಬಗಳ ಸಾಲಿನ ಪಕ್ಕ ನಿಂತು, ಮಾದಪ್ಪನ ಮುಖ ನೋಡುತ್ತ, ಅಪ್ಪನ ಗಣಪತಿಯನ್ನು ಹಾಡಿದೆ. ಸಾಲಿನಲ್ಲಿದ್ದ ಹೆಂಗಸರು ನಾನು ಏನನ್ನೋ ಅಗಿಯುತ್ತಿದ್ದೇನೆ ಎಂದುಕೊಂಡಿರಬೇಕು. ಮೊದಲ ನುಡಿ ಹೋಯಿತು, ಎರಡನೆಯದು ತಾನಾಗಿ ಬಂತು, ಮೂರನೆಯದೂ ಬಂತು. ಸುಮ್ಮನೆ ನಿನ್ನ ಮುಖ ನೋಡಿಕೊಂಡು ಹೋಗೋಣವೆಂದು ಬಂದೆ ಎನ್ನುವಾಗ ಕಣ್ಣಲ್ಲಿ ನೀರಿತ್ತು. ಪಕ್ಕದ ಯಂತ್ರದಲ್ಲಿ ಯಾರದೋ ಮೆಣಸಿನಕಾಯಿ ಪುಡಿಯಾಗುತ್ತಿದ್ದುದರಿಂದ ಆ ಕಣ್ಣೀರು ಪೂರ್ತಿ ಭಕ್ತಿಯದೇ ಎಂದು ಪ್ರಮಾಣ ಮಾಡಿ ಹೇಳಲಾರೆ.

ಆಮೇಲೆ ಪ್ರತಿ ಸೋಮವಾರ ಹೋಗತೊಡಗಿದೆ. ಸಂಜೆ ಮಿಲ್ಲಿನ ಕೆಲಸ ಮುಗಿದ ಮೇಲೆ ಬೀದಿಯ ಐದಾರು ಹೆಂಗಸರು ಗೋಣಿಚೀಲ ಹಾಸಿಕೊಂಡು ಭಜನೆಗೆ ಕೂರುತ್ತಿದ್ದರು. ತಾಳ ಒಂದೇ ಜೊತೆ. ಉಳಿದವರಿಗೆ ಡಬ್ಬದ ಮುಚ್ಚಳ. ಬರಿಗೈಯಲ್ಲಿ ಹೋಗಲು ಮೊದಮೊದಲು ನಾಚಿಕೆಯಾಗಿ, ನೆಪಕ್ಕೆಂದು ರಾಗಿಯೋ ಗೋಧಿಯೋ ಹಿಡಿದುಕೊಂಡು ಹೋಗುತ್ತಿದ್ದೆ. ಎರಡು ತಿಂಗಳಲ್ಲಿ ಮನೆಯ ಡಬ್ಬಗಳೆಲ್ಲ ತುಂಬಿ, ಬೆಳಿಗ್ಗೆ ರಾಗಿರೊಟ್ಟಿ, ಮಧ್ಯಾಹ್ನ ಮುದ್ದೆ, ಸಂಜೆ ಅಂಬಲಿ ಎಂದಾಯಿತು. ನಮ್ಮ ಯಜಮಾನರು ಒಂದು ದಿನ ತಟ್ಟೆ ನೋಡಿಕೊಂಡು, ನಿನ್ನ ಭಕ್ತಿಯನ್ನು ನಾನು ಇನ್ನೆಷ್ಟು ದಿನ ತಿನ್ನಬೇಕು ಎಂದು ಕೇಳಿದರು. ಅಂದಿನಿಂದ ಬರಿಗೈಯಲ್ಲಿ ಹೋದೆ.

ಮೊದಲು ಹೋಗುತ್ತಿದ್ದುದು ಔಷಧಿಗೆ ಹೋಗುವ ಹಾಗೆ. ಭಯ ಹೋಗಲಿ, ಎರಡನೆಯ ನುಡಿ ನೆನಪಿರಲಿ ಎಂದು. ಯಾವಾಗ ಅದು ಬದಲಾಯಿತೋ ಗೊತ್ತಿಲ್ಲ. ಒಂದು ಸೋಮವಾರ ಮನೆಗೆ ನಡೆದು ಬರುತ್ತಿದ್ದಾಗ, ಅಂದು ಸಂಜೆಯಿಡೀ ವೇದಿಕೆ, ಮೈಕು, ಕುರ್ಚಿ ಯಾವುದೂ ನೆನಪಾಗಲಿಲ್ಲವೆಂದು ಹೊಳೆಯಿತು. ಆ ಹಿಟ್ಟು ಮೆತ್ತಿದ ಪಟವನ್ನು ನೋಡಿಕೊಂಡು ಕೂರುವುದೇ ಸಾಕೆನಿಸಿತ್ತು. ಮನೆಯಲ್ಲಿ ಪಾತ್ರೆ ತೊಳೆಯುವಾಗ, ಉತ್ತರಪತ್ರಿಕೆ ತಿದ್ದುವಾಗ, ಮಾದಪ್ಪನ ಜೊತೆ ಮಾತಾಡುವ ಅಭ್ಯಾಸವೂ ಶುರುವಾಗಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ 'ಸಂಧಿ' ಎಂದರೆ ಏನು ಎಂಬುದಕ್ಕೆ 'ಎರಡು ಬೀದಿಗಳ ನಡುವೆ ಇರುವುದು' ಎಂದು ಬರೆದದ್ದನ್ನು ಮೊದಲು ತೋರಿಸಿದ್ದು ಮಾದಪ್ಪನಿಗೇ. ಆಮೇಲೆ ಅರ್ಧ ಅಂಕ ಕೊಟ್ಟೆ.

ಮಳವಳ್ಳಿಯ ಕರೆ ಬಂದದ್ದು ಆ ವರ್ಷವೇ. ಹೊಸದಾಗಿ ಕಟ್ಟಿದ ರಂಗಮಂದಿರದ ಉದ್ಘಾಟನೆ. ಮಂತ್ರಿಗಳು ಬರುತ್ತಾರೆ, ಅವರ ಜೊತೆಗೆ ಟಿ.ವಿ.ಯ ಹಾಡಿನ ಸ್ಪರ್ಧೆಯಲ್ಲಿ ತೀರ್ಪು ಹೇಳುವ ಆ ಹೆಸರಾಂತ ಗಾಯಕರೂ ಬರುತ್ತಾರೆ, ಪ್ರಾರ್ಥನೆ ನಿಮ್ಮದೇ ಎಂದು ಫೋನಿನಲ್ಲಿ ಹೇಳಿದರು. ಆಗ ನಾನು ಬಸ್ಸಿನಲ್ಲಿದ್ದೆ. ಎದ್ದು ನಿಂತೇ ಮಾತಾಡಿದೆ. ಸೀಟು ಹೋಯಿತು.

ಮಂತ್ರಿಗಳ ಭಯ ಒಂದು ಬಗೆಯದಾದರೆ ಗಾಯಕರ ಭಯ ಇನ್ನೊಂದು ಬಗೆಯದು. ವಾರವಾರವೂ ಅವರನ್ನು ನೋಡುತ್ತಿದ್ದೆವು. ಹಾಡುವ ಮಕ್ಕಳು ಒಂದು ಎಳೆ ತಪ್ಪಿದರೂ ಸಾಕು, ಅವರು ಕಣ್ಣು ಮುಚ್ಚಿ, ಹಲ್ಲುನೋವು ಬಂದವರ ಹಾಗೆ ತಲೆಯನ್ನು ಒಂದು ಕಡೆಗೆ ವಾಲಿಸುತ್ತಿದ್ದರು. ಆ ತಲೆ ವಾಲಿದರೆ ನಮ್ಮ ಮನೆಯಲ್ಲಿ ಯಜಮಾನರೂ "ಶ್ರುತಿ ಹೋಯ್ತು" ಎನ್ನುತ್ತಿದ್ದರು. ಅವರಿಗೆ ಶ್ರುತಿಯೆಂದರೇನೆಂದು ಗೊತ್ತಿಲ್ಲ.

ಆ ದಿನ ಅಪ್ಪನ ಊರಿನಲ್ಲಿ ಬಸ್ಸಿಳಿದು, ಎರಡನೆಯ ನುಡಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಡೆದೆ. ರಂಗಮಂದಿರದ ಒಳಗೆ ಹೊಸ ಬಣ್ಣದ ವಾಸನೆ. ಕುರ್ಚಿಯೆಲ್ಲ ಭರ್ತಿ. ಬಂದವರಲ್ಲಿ ಮುಕ್ಕಾಲು ಜನ ಗಾಯಕರನ್ನು ನೋಡಲು ಬಂದವರು. ವೇದಿಕೆಯ ಒಂದು ಮೂಲೆಯಲ್ಲಿ ಮೇಜು, ಅದರ ಮೇಲೆ ಗಣಪತಿಯ ಪಟ, ಮುಂದೆ ಇನ್ನೂ ಹಚ್ಚದ ದೀಪದ ಕಂಬ. ಈ ಸಲ ನಾನು ಮೊದಲು ಹುಡುಕಿದ್ದು ಅದನ್ನೇ. ಹಸಿರು ಚೌಕಟ್ಟು, ಕೆಂಪು ಗಣಪತಿ, ಚೆಂಡುಹೂವಿನ ಹಾರ. ಕಂಡ ಕೂಡಲೇ ನಮ್ಮ ಬೀದಿಯವರು ಯಾರೋ ಸಿಕ್ಕಿದ ಹಾಗೆ ಸಮಾಧಾನವಾಯಿತು.

ಹೆಸರು ಕರೆದರು. ಮೈಕಿನ ಮುಂದೆ ಹೋಗಿ, ಅದನ್ನು ಕೊಂಚ ತಿರುಗಿಸಿಕೊಂಡು, ಪಟದ ಕಡೆಗೆ ಮುಖ ಮಾಡಿ ನಿಂತೆ. ಮೊದಲ ನುಡಿ ಹಾಡಿದೆ. ಗಾಯಕರ ತಲೆ ಎತ್ತ ವಾಲಿತೋ ನೋಡಲಿಲ್ಲ. ಅದೇ ಹೊತ್ತಿಗೆ ಒಬ್ಬ ಫೋಟೋಗ್ರಾಫರ್, ಮಂತ್ರಿಗಳೂ ಗಾಯಕರೂ ಅಕ್ಕಪಕ್ಕ ಬರಲೆಂದು ಏನೋ ಸನ್ನೆ ಮಾಡಿದ. ಯಾರೋ ಮಂತ್ರಿಗಳ ಕುರ್ಚಿಯನ್ನು ಎತ್ತಿ ಗಾಯಕರ ಪಕ್ಕಕ್ಕೆ, ಎಂದರೆ ಸರಿಯಾಗಿ ಮೇಜಿನ ಮುಂದಕ್ಕೆ ಹಾಕಿದರು. ಮಂತ್ರಿಗಳು ಕಿವಿಗೆ ಫೋನ್ ಒತ್ತಿಕೊಂಡೇ ಬಂದು ಕುಳಿತರು. ಎರಡನೆಯ ನುಡಿ ಮುಗಿಯುವಾಗ ನನ್ನ ಎದುರಿಗಿದ್ದದ್ದು ಗಣಪತಿಯ ಮುಖವಲ್ಲ, ಅವರ ಮುಖ.

ಮೂರನೆಯ ನುಡಿ ಬಂತು. ಅಪ್ಪನ ಹಾಡನ್ನು ಯಾವ ವೇದಿಕೆಯ ಮೇಲೂ ಇಲ್ಲಿಯವರೆಗೆ ತಂದಿರಲಿಲ್ಲ. ಸುಮ್ಮನೆ ನಿನ್ನ ಮುಖ ನೋಡಿಕೊಂಡು ಹೋಗೋಣವೆಂದು ಬಂದೆ ಎಂದು ಈಗ ಹಾಡಬೇಕು. ಮುಖವೇ ಕಾಣುತ್ತಿಲ್ಲ. ಮಂತ್ರಿಗಳನ್ನು ನೋಡುತ್ತ ಇನ್ನೇನೂ ಕೆಲಸವಿಲ್ಲ ಎಂದು ಹಾಡಿದರೆ ಅದು ಸುಳ್ಳಾಗುತ್ತದೆ, ಅಲ್ಲದೆ ನನಗೂ ಅವರಿಗೂ ಇಬ್ಬರಿಗೂ ಮುಜುಗರ. ನಿಲ್ಲಿಸಿದೆ. ಧೈರ್ಯ ಮಾಡಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಧೈರ್ಯದ ಯೋಚನೆಯೇ ಬರಲಿಲ್ಲ. ಬಸ್ಸಿನಲ್ಲಿ ಮುಂದೆ ನಿಂತವರಿಗೆ ಹೇಳುವ ಹಾಗೆ, ಮೈಕಿನಲ್ಲೇ ಹೇಳಿದೆ.

"ಸರ್, ಒಂಚೂರು ಪಕ್ಕಕ್ಕೆ ಜರುಗ್ತೀರಾ? ದೇವ್ರು ಕಾಣಿಸ್ತಿಲ್ಲ."

ನಮ್ಮ ಹೆಡ್‌ಮೇಷ್ಟ್ರು ಎರಡನೆಯ ಸಾಲಿನಲ್ಲಿ ಕರ್ಚೀಫಿನಿಂದ ಮುಖ ಮುಚ್ಚಿಕೊಂಡರು. ಮಂತ್ರಿಗಳಿಗೆ ಪೂರ್ತಿ ಕೇಳಿಸಿರಲಿಲ್ಲ. ಏನೋ ಹೇಳಿದರೆಂದು ಗೊತ್ತಾಗಿ, ಎದ್ದು ನಿಲ್ಲಬೇಕೇನೋ ಎಂದು ಫೋನ್ ಜೇಬಿಗೆ ಹಾಕಿ ಎದ್ದು ನಿಂತರು. ಅವರು ನಿಂತದ್ದನ್ನು ನೋಡಿ ಗಾಯಕರು ನಿಂತರು. ಅವರಿಬ್ಬರನ್ನು ನೋಡಿ ವೇದಿಕೆಯೆಲ್ಲ ನಿಂತಿತು. ವೇದಿಕೆ ನಿಂತ ಮೇಲೆ ಸಭೆ ಕೂತಿರುತ್ತದೆಯೇ, ಕುರ್ಚಿಗಳೆಲ್ಲ ಕಿರ್ರೆಂದು ಹಿಂದೆ ಸರಿದು ಇಡೀ ರಂಗಮಂದಿರ ಎದ್ದು ನಿಂತಿತು. ನಿಂತ ಮಂತ್ರಿಗಳು ಕೂತ ಮಂತ್ರಿಗಳಿಗಿಂತ ಹೆಚ್ಚು ಅಡ್ಡವಾದರು. ಕೊನೆಗೆ ಗಾಯಕರೇ ಅವರ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹಿಂದಿನ ಪಟವನ್ನು ತೋರಿಸಿದರು. ಮಂತ್ರಿಗಳು ತಿರುಗಿ ನೋಡಿ, ಗಣಪತಿಗೆ ಕೈಮುಗಿದು, ಹಾಗೇ ನಿಂತರು.

ಚೆಂಡುಹೂವಿನ ಹಾರದ ನಡುವೆ ಕೆಂಪು ಮುಖ ಕಂಡಿತು. ಮೂರನೆಯ ನುಡಿ ಹಾಡಿದೆ. ಅಪ್ಪ ಹಾಡುತ್ತಿದ್ದ ಹಾಗೆಯೇ, ಕೊನೆಯ ಸಾಲನ್ನು ಎರಡು ಸಲ, ಅವಸರವಿಲ್ಲದೆ. ಅಷ್ಟು ಹೊತ್ತು ಆ ಸಭೆಯಲ್ಲಿ ನಾನೂ ಅವನೂ ಇಬ್ಬರೇ ಇದ್ದೆವು.

ಮುಗಿದ ಮೇಲೆ ಮಂತ್ರಿಗಳು ಸಿಟ್ಟಾಗಲಿಲ್ಲ. ಅವರು ನುರಿತವರು. ತಮ್ಮ ಭಾಷಣದಲ್ಲಿ, ಇಷ್ಟು ವರ್ಷ ಜನರಿಗೆ ಅಡ್ಡ ಬಂದಿದ್ದೀನಿ ಅಂತ ವಿರೋಧಿಗಳು ಹೇಳ್ತಿದ್ರು, ದೇವರಿಗೆ ಅಡ್ಡ ಬಂದದ್ದು ಇವತ್ತೇ ಮೊದಲು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡರು. ಗಾಯಕರು ಊಟದ ಹೊತ್ತಿಗೆ ನನ್ನನ್ನು ಕರೆಸಿ ಹಾಡು ಯಾರದು ಎಂದು ಕೇಳಿದರು. ಅಪ್ಪನದು ಎಂದೆ. ಮೂರನೆಯ ನುಡಿ ಬಹಳ ಚೆನ್ನಾಗಿದೆ, ಬರೆದುಕೊಡಿ ಎಂದರು. ಆಮೇಲೆ ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಶ್ರುತಿ ಮಾತ್ರ ಸ್ವಲ್ಪ ಏರಿತ್ತು ಎಂದರು. ಹೌದು ಸರ್, ಹಿಟ್ಟಿನ ಮಿಲ್ಲಿನ ಶ್ರುತಿಯಲ್ಲಿ ಕಲಿತದ್ದು ಎಂದೆ. ಅದು ಯಾವುದೋ ಸಂಗೀತ ಶಾಲೆಯ ಹೆಸರೆಂದು ತಿಳಿದು ಅವರು ಗೌರವದಿಂದ ತಲೆಯಾಡಿಸಿದರು.

ಇಲ್ಲಿಗೆ ನಿಲ್ಲಿಸಿದರೆ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತೇನೆ. ಆದರೆ ಮುಂದೆ ನಡೆದದ್ದನ್ನೂ ಹೇಳಬೇಕು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಎರಡು ದಿನದಲ್ಲಿ 'ಮಂತ್ರಿಯನ್ನೇ ಜರುಗಿಸಿದ ಮೇಡಂ' ಎಂಬ ತಲೆಬರಹ ಹೊತ್ತು ಆ ತುಣುಕು ಮಂಡ್ಯದ ಎಲ್ಲ ಫೋನುಗಳಿಗೂ ಹೋಯಿತು. ಬಸ್ಸಿನಲ್ಲಿ ಜನ ಎದ್ದು ಸೀಟು ಬಿಟ್ಟುಕೊಡತೊಡಗಿದರು. ಮದ್ದೂರಿನ ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗಿಯರು ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ನನಗೆ ಇದೆಲ್ಲ ಬೇಡ ಎನಿಸಲಿಲ್ಲ. ಬೇಕೆನಿಸಿತು, ಇನ್ನೂ ಬೇಕೆನಿಸಿತು. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು "ಸರ್, ಒಂಚೂರು ಪಕ್ಕಕ್ಕೆ" ಎಂಬುದನ್ನು ಮೂರು ನಾಲ್ಕು ಧಾಟಿಯಲ್ಲಿ ಹೇಳಿ ನೋಡಿದ್ದೂ ಉಂಟು.

ಮುಂದಿನ ಪ್ರಾರ್ಥನೆ ಮದ್ದೂರಿನಲ್ಲಿತ್ತು, ಸಣ್ಣ ಸಮಾರಂಭ. ವೇದಿಕೆ ಹತ್ತಿದ ಕೂಡಲೇ ನಾನು ನೋಡಿದ್ದು ದೇವರ ಪಟಕ್ಕೆ ಯಾರು ಅಡ್ಡವಿದ್ದಾರೆ ಎಂದು. ಯಾರೂ ಇರಲಿಲ್ಲ. ನಿಜವಾಗಿಯೂ ನಿರಾಸೆಯಾಯಿತು. ಪಟದಿಂದ ಎರಡು ಮಾರು ದೂರದಲ್ಲಿ ಪಾಪದ ಬ್ಯಾಂಕ್ ಮ್ಯಾನೇಜರೊಬ್ಬರು ಕೂತಿದ್ದರು. ಅವರನ್ನೇ ಪಕ್ಕಕ್ಕೆ ಜರುಗಲು ಹೇಳಿದೆ. ಅವರು ಗಾಬರಿಯಿಂದ ಕುರ್ಚಿ ಎಳೆದುಕೊಂಡು ಹೋಗಿ ವೇದಿಕೆಯ ಅಂಚಿನಲ್ಲಿ, ಬೀಳುವ ಹಾಗೆ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಹತ್ತಾರು ಫೋನು ಮೇಲೆದ್ದವು. ಅಂದು ಹಾಡಿನ ಉದ್ದಕ್ಕೂ ನಾನು ನೋಡುತ್ತಿದ್ದುದು ಆ ಫೋನುಗಳನ್ನು. ಎರಡನೆಯ ನುಡಿ ಮರೆತುಹೋಯಿತು.

ಅದಕ್ಕಿಂತ ಮೊದಲೇ ಒಂದು ಸೋಮವಾರ ಮಿಲ್ಲಿನಮ್ಮನಿಗೆ ಮಳವಳ್ಳಿಯ ತುಣುಕನ್ನು ತೋರಿಸಿದ್ದೆ. ಅವರು ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಎರಡು ಸಲ ನೋಡಿದರು.

"ಇದ್ರಾಗೆ ನೀನು ಮಾತಾಡೋದದೆ," ಎಂದರು. "ಪದ ಎಲ್ಲವ್ವ?"

ಆಗಲೇ ಗಮನಿಸಿದ್ದು. ಆ ತುಣುಕು ಮಂತ್ರಿಗಳು ಎದ್ದು ನಿಂತಲ್ಲಿಗೆ ಮುಗಿದುಹೋಗುತ್ತಿತ್ತು. ಮೂರನೆಯ ನುಡಿಯನ್ನು ಯಾರೂ ಹಿಡಿದಿರಲಿಲ್ಲ. ಅಂದು ಆ ಮಾತನ್ನು ನಕ್ಕು ತೇಲಿಸಿದ್ದೆ. ಮದ್ದೂರಿನಿಂದ ಬಸ್ಸಿನಲ್ಲಿ ಬರುವಾಗ, ಯಾರೋ ಗೌರವದಿಂದ ಬಿಟ್ಟುಕೊಟ್ಟ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಅದು ಚುಚ್ಚಿತು. ದೊಡ್ಡವರ ಭಯ ಹೋಗಿ ದೊಡ್ಡವಳಾಗುವ ಆಸೆ ಬಂದು ಕೂತಿತ್ತು. ಬ್ಯಾಂಕ್ ಮ್ಯಾನೇಜರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು, ನಾನು ನಿಜಕ್ಕೂ ಅಡ್ಡ ಇದ್ದೆನಾ ಮೇಡಂ ಎಂದು ಕೇಳಿದರು. ಇಲ್ಲ ಸರ್, ಅಡ್ಡ ಇದ್ದವಳು ನಾನೇ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಇಷ್ಟರಲ್ಲಿ ಮಳವಳ್ಳಿಯ ಆ ಮಾತಿಗೆ ಇಲಾಖೆಯಿಂದ ನೋಟಿಸ್ ಬಂತು. ಮಂತ್ರಿಗಳು ಮರೆತಿದ್ದರು. ಅವರ ಪರವಾಗಿ ಭಯಪಟ್ಟವರೊಬ್ಬರು ಮೇಲಿನ ಕುರ್ಚಿಯಲ್ಲಿದ್ದರು. ಗಣ್ಯರ ಆಸನ ವ್ಯವಸ್ಥೆಯಲ್ಲಿ ಹಸ್ತಕ್ಷೇಪ ಮಾಡಿದ್ದಕ್ಕೆ ಕಾರಣ ತಿಳಿಸತಕ್ಕದ್ದು ಎಂದು ಕೇಳಿದ್ದರು. ಮೊದಲಾಗಿದ್ದರೆ ಆ ಕಾಗದ ನೋಡಿ ಮೂರು ದಿನ ಊಟ ಬಿಡುತ್ತಿದ್ದೆ. ಈಗಲೂ ಒಂದು ಹೊತ್ತು ಬಿಟ್ಟೆ. ಆಮೇಲೆ ಮಾದಪ್ಪನ ಜೊತೆ ಕೂತು ಉತ್ತರ ಬರೆದೆ: ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಪ್ರಾರ್ಥನೆಯ ಮೂರನೆಯ ನುಡಿಯಲ್ಲಿ ದೇವರ ಮುಖವನ್ನು ನೋಡುತ್ತಿರುವುದಾಗಿ ಹೇಳಬೇಕಿದ್ದು, ಸದರಿ ಮುಖವು ಕಾಣದಿದ್ದ ಕಾರಣ ಕೋರಿಕೆ ಸಲ್ಲಿಸಲಾಯಿತು. ತಮ್ಮ ಅವಗಾಹನೆಗಾಗಿ ನುಡಿಯ ಪ್ರತಿಯನ್ನು ಲಗತ್ತಿಸಿದೆ. ಹೆಡ್‌ಮೇಷ್ಟ್ರು ಅದನ್ನು ಓದಿ, ಇದನ್ನು ಕಳಿಸಲೇಬೇಕಾ ಎಂದು ಕೇಳಿದರು. ಬೇರೆ ಕಾರಣವಿಲ್ಲವಲ್ಲ ಸರ್ ಎಂದೆ. ಮುಂದೆ ಎಚ್ಚರಿಕೆಯಿಂದ ವರ್ತಿಸತಕ್ಕದ್ದು ಎಂಬ ಒಂದು ಸಾಲಿನ ಉತ್ತರ ಬಂತು. ದೊಡ್ಡ ಸಮಾರಂಭಗಳಿಗೆ ನನ್ನನ್ನು ಕರೆಯುವುದು ನಿಂತಿತು. ಅಪ್ಪನ ಮೂರನೆಯ ನುಡಿ ಮಾತ್ರ ಸರ್ಕಾರಿ ಕಡತದಲ್ಲಿ ಈಗಲೂ ಭದ್ರವಾಗಿದೆ. ಅಪ್ಪನಿಗೆ ಇದು ಗೊತ್ತಾಗಿದ್ದರೆ ಅಂಗಿ ತೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಆದರೆ ಸಣ್ಣ ಊರುಗಳವರು ಕಡತ ಓದುವುದಿಲ್ಲ. ಹೋದ ವರ್ಷ ಹಲಗೂರಿನ ಒಂದು ಶಾಲೆಯಲ್ಲಿ ಹೊಸ ಗ್ರಂಥಾಲಯದ ಕೊಠಡಿ ತೆರೆಯಲಿಕ್ಕಿತ್ತು. ಕರೆದರು, ಹೋದೆ. ಹತ್ತು ಗಂಟೆಗೆಂದಿದ್ದ ಕಾರ್ಯಕ್ರಮಕ್ಕೆ ಹನ್ನೆರಡಾದರೂ ಮುಖ್ಯ ಅತಿಥಿಗಳ ಪತ್ತೆಯಿಲ್ಲ. ಮಕ್ಕಳು ಬಿಸಿಲಲ್ಲಿ ಕೂತು ಬಾಡಿದ್ದವು. ಅವರು ಬರುವವರೆಗೆ ಪ್ರಾರ್ಥನೆ ತಡೆಯೋಣ ಎಂದು ಅಲ್ಲಿಯ ಹೆಡ್‌ಮೇಡಂ ಕೈ ಹಿಸುಕಿಕೊಂಡರು. ಪ್ರಾರ್ಥನೆ ಯಾರಿಗೆ ಮಾಡಬೇಕೋ ಅವರು ಬೆಳಿಗ್ಗೆಯೇ ಬಂದು ಹಾರ ಹಾಕಿಸಿಕೊಂಡು ಕೂತಿದ್ದಾರಲ್ಲ ಮೇಡಂ ಎಂದು ಪಟ ತೋರಿಸಿದೆ. ಅವರು ನಕ್ಕುಬಿಟ್ಟರು. ಮೂರು ನುಡಿಯನ್ನೂ ಹಾಡಿದೆ. ಮುಗಿಸಿ ತಿರುಗಿದರೆ ಶಾಲೆಯ ಗೇಟಿನಲ್ಲಿ ಮುಖ್ಯ ಅತಿಥಿಗಳು, ಹಿಂಬಾಲಕರ ಜೊತೆ, ಒಳಗೆ ಬರಬಹುದೋ ಬಾರದೋ ಎಂದು ಒಂದು ಕಾಲು ಹೊರಗಿಟ್ಟು ನಿಂತಿದ್ದರು. ಅವರನ್ನು ನೋಡಿದ ಮೇಲೆ ಸೆರಗು ಸರಿ ಮಾಡಿಕೊಂಡು ಮೈಕಿನಿಂದ ಹಿಂದೆ ಸರಿದು ನಿಂತೆ. ಭಯ ಹೋಗಿದೆ ಎಂದರೆ ಸುಳ್ಳಾದೀತು. ಈಗ ಅದು ಮುಖ್ಯ ಅತಿಥಿಗಳ ಹಾಗೆ ತಡವಾಗಿ ಬರುತ್ತದೆ, ಅಷ್ಟೇ.

ಅವರ ಜೊತೆ ಬಂದ ಫೋಟೋಗ್ರಾಫರ್‌ಗೆ ಪ್ರಾರ್ಥನೆಯ ಫೋಟೋ ಬೇಕಿತ್ತು. ಇನ್ನೊಮ್ಮೆ ಹಾಡಿ ಮೇಡಂ, ಸಾಹೇಬ್ರು ಕೈಮುಗಿದು ನಿಲ್ತಾರೆ ಎಂದ. ಹಾಡಬೇಕಾದವನಿಗೆ ಹಾಡಿಯಾಯಿತು, ಫೋಟೋಗಾದರೆ ಬರೀ ಬಾಯಿ ತೆರೆಯುತ್ತೇನೆ ಎಂದೆ. ಅವನಿಗೂ ಅಷ್ಟೇ ಬೇಕಾಗಿತ್ತು. ಮೈಕಿನ ಮುಂದೆ ಸದ್ದಿಲ್ಲದೆ ಬಾಯಿ ತೆರೆದು ನಿಂತೆ. ಸಾಹೇಬರು ಕಣ್ಣು ಮುಚ್ಚಿ, ಬಹಳ ಭಕ್ತಿಯಿಂದ, ಆ ಮೌನವನ್ನು ಕೇಳಿದರು. ಮಾರನೆಯ ದಿನ ಪೇಪರಿನಲ್ಲಿ, ಶಿಕ್ಷಕಿಯೊಬ್ಬರು ಸುಶ್ರಾವ್ಯವಾಗಿ ಪ್ರಾರ್ಥಿಸಿದರು ಎಂದು ಫೋಟೋ ಸಮೇತ ಬಂದಿತ್ತು. ಮಿಲ್ಲಿಗೆ ಒಯ್ದು ತೋರಿಸಿದೆ. ಮಿಲ್ಲಿನಮ್ಮ ಹಿಟ್ಟಿನ ಬೆರಳಿನಿಂದ ಫೋಟೋದಲ್ಲಿದ್ದ ನನ್ನ ಮುಖ ಮುಟ್ಟಿ ನೋಡಿ, "ಯಾರೋ ವಡೆ ಇಕ್ಕಲಿ ಅಂತ ಬಾಯ್ ಬುಟ್ಕಂಡಂಗದೆ ಕಣವ್ವ" ಎಂದರು.